ಟ್ಯಾಂಕ್‌ಬಂಡ್ ಪಕ್ಕ ಓಡಿಹೋದ ಜರ್ಮನ್ ಚಾಲಕ

ಹೈದರಾಬಾದಿನಲ್ಲಿರುವ ನಮ್ಮವರಿಗೆ ಎನ್‌ಟಿಆರ್ ಮಾರ್ಗ್ ಎಂದರೆ ಏನು ಹೇಳಿ? ಊರಿಂದ ಬಂದ ನೆಂಟರಿಗೆ ಹುಸೇನ್ ಸಾಗರದ ನಡುವಿನ ಬುದ್ಧನನ್ನು ತೋರಿಸಿ, ಲುಂಬಿನಿ ಪಾರ್ಕಿನಲ್ಲಿ ದೋಣಿ ಹತ್ತಿಸುವ ಜಾಗ. ಅನಂತ ಚತುರ್ದಶಿಯ ದಿನ ಕ್ರೇನುಗಳು ಸಾಲಾಗಿ ನಿಂತು ಗಣಪತಿಗಳನ್ನು ಒಂದೊಂದಾಗಿ ನೀರಿಗಿಳಿಸುವ ಜಾಗ. ಉಳಿದ ದಿನ ಟ್ರಾಫಿಕ್ಕು, ಅಷ್ಟೇ.

ಆದರೆ 2023ರ ಫೆಬ್ರವರಿ 11ರ ಶನಿವಾರ ಇದೇ ರಸ್ತೆಯಲ್ಲಿ ಬೇರೆಯೇ ಮೆರವಣಿಗೆ ನಡೆಯಿತು. ಎರಡೂ ಬದಿ ಕಾಂಕ್ರೀಟ್ ಗೋಡೆ, ಮೇಲೆ ತಂತಿಬಲೆ, ನಡುವೆ 22 ವಿದ್ಯುತ್ ಕಾರುಗಳು. ಸಚಿವಾಲಯ, ಪ್ರಸಾದ್ಸ್ ಐಮ್ಯಾಕ್ಸ್, ಎನ್‌ಟಿಆರ್ ಗಾರ್ಡನ್ಸ್ ಬಳಸಿ ಸುಮಾರು 2.8 ಕಿಲೋಮೀಟರಿನ ಒಂದು ಸುತ್ತು. ಭಾರತದಲ್ಲಿ ನಡೆದ ಮೊದಲ ಫಾರ್ಮುಲಾ ಇ ಸ್ಪರ್ಧೆ ಅದು. ರಸ್ತೆ ಮುಚ್ಚಿದ್ದಕ್ಕೆ ಬೈದುಕೊಂಡವರೂ ಇದ್ದರು, ಟಿಕೆಟ್ ಕೊಂಡು ಹೋದವರೂ ಇದ್ದರು. ನಮ್ಮಲ್ಲಿ ಹೆಚ್ಚಿನವರು ಟಿವಿಯಲ್ಲಿ ನೋಡಿದರು.

ಅಂದು ಓಡಿದ 22 ಮಂದಿಯಲ್ಲಿ ನಾಲ್ವರು ಜರ್ಮನ್ನರು: ಪಾಸ್ಕಲ್ ವೆರ್ಲೈನ್, ಮ್ಯಾಕ್ಸಿಮಿಲಿಯನ್ ಗುಂಟರ್, ಆಂಡ್ರೆ ಲೋಟರರ್ ಮತ್ತು ರೆನೆ ರಾಸ್ಟ್. ಈ ಬಾರಿಯ ಮಾತು ಕೊನೆಯ ಇಬ್ಬರದು, ಅದರಲ್ಲೂ ರಾಸ್ಟ್ ಅವರದು. ಇವರ ಹೆಸರು ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಬಂದದ್ದೇ ಅಪರೂಪ. ಕಾರ್ ರೇಸ್ ಎಂದರೆ ನಮಗೆ ಫಾರ್ಮುಲಾ ಒನ್, ಜರ್ಮನಿ ಎಂದರೆ ಶುಮಾಕರ್, ಆಮೇಲೆ ವೆಟ್ಟೆಲ್. ಆ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ರಾಸ್ಟ್ ಒಂದು ದಿನವೂ ಓಡಿಲ್ಲ. ಹಾಗಿದ್ದೂ ಇಪ್ಪತ್ತು ವರ್ಷ ಕಾರು ಓಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡು, ತಮ್ಮ ದೇಶದ ಅತ್ಯುನ್ನತ ಪಟ್ಟವನ್ನು ಮೂರು ಸಲ ಗೆದ್ದರು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಕುತೂಹಲದ ವಿಷಯ.

ರಾಸ್ಟ್ ಹುಟ್ಟಿದ್ದು 1986ರ ಅಕ್ಟೋಬರ್ 26ರಂದು, ವೇಸರ್ ನದಿ ದಡದ ಮಿಂಡೆನ್ ಎಂಬ ಊರಿನಲ್ಲಿ. ಅಲ್ಲಿನ ಎಲ್ಲ ಹುಡುಗರಂತೆ ಗೋ-ಕಾರ್ಟ್‌ನಿಂದ ಆರಂಭ. ಆದರೆ ಮೊದಲು ಹೆಸರು ಮಾಡಿದ್ದು 2005ರ ಫೋಕ್ಸ್‌ವ್ಯಾಗನ್ ಪೋಲೋ ಕಪ್‌ನಲ್ಲಿ. ಹೌದು, ನಮ್ಮ ಅಪಾರ್ಟ್‌ಮೆಂಟುಗಳ ಕೆಳಗೆ ನಿಂತಿರುತ್ತದಲ್ಲ, ಅದೇ ಪೋಲೋ! ಇಂಥ ಕಪ್‌ಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಎಂಜಿನ್. ಹಣವಂತರ ಮಗನಿಗೂ ಅದೇ, ಬಡವರ ಮಗನಿಗೂ ಅದೇ. ಕಾರಿನ ನೆಪ ಹೇಳುವಂತಿಲ್ಲ.

ಪೋಲೋದಿಂದ ಪೋರ್ಷೆಗೆ. ಜರ್ಮನಿಯ ಪೋರ್ಷೆ ಕ್ಯಾರೆರಾ ಕಪ್ ಅನ್ನು 2008 ಮತ್ತು 2012ರಲ್ಲಿ ಗೆದ್ದರು. ಪೋರ್ಷೆ ಸೂಪರ್‌ಕಪ್ ಅನ್ನಂತೂ 2010, 2011, 2012ರಲ್ಲಿ ಸತತ ಮೂರು ವರ್ಷ. ಈ ಸೂಪರ್‌ಕಪ್ ನಡೆಯುವುದು ಫಾರ್ಮುಲಾ ಒನ್ ವಾರಾಂತ್ಯಗಳಲ್ಲಿ, ಅದೇ ಟ್ರ್ಯಾಕಿನಲ್ಲಿ, ಮುಖ್ಯ ಸ್ಪರ್ಧೆಗೆ ಮುಂಚೆ. ದೊಡ್ಡವರ ಕಚೇರಿಗೆ ಮೊದಲು ಕಿರಿಯರ ಹಾಡು ಇರುತ್ತದಲ್ಲ, ಹಾಗೆ. ಮೂರು ವರ್ಷ ಆ ವೇದಿಕೆಯಲ್ಲಿ ಗೆದ್ದರೂ ಪಕ್ಕದ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಪೋರ್ಷೆ ಕೂಡ ಅವರನ್ನು ಕಾರ್ಖಾನೆಯ ಚಾಲಕನಾಗಿ ಉಳಿಸಿಕೊಳ್ಳಲಿಲ್ಲ. ಕೈ ಹಿಡಿದದ್ದು ಆಡಿ ಕಂಪನಿ.

ಇಲ್ಲಿಂದ ಅವರ ರಾತ್ರಿಗಳು ಶುರು. 24 ಗಂಟೆಗಳ ಓಟ ಎಂದರೆ ಏನೆಂದು ಒಂದಿಷ್ಟು ಹೇಳಬೇಕು. ಒಂದು ಕಾರಿಗೆ ಮೂವರು ಅಥವಾ ನಾಲ್ವರು ಚಾಲಕರು. ಒಬ್ಬರು ಒಂದೆರಡು ಗಂಟೆ ಓಡಿಸಿ ಪಿಟ್‌ಗೆ ಬಂದು ಇಳಿಯುತ್ತಾರೆ, ಇನ್ನೊಬ್ಬರು ಹತ್ತುತ್ತಾರೆ. ಇಳಿದವರೇ ಹತ್ತಿದವರ ಬೆಲ್ಟು ಕಟ್ಟಿ, ಹೆಲ್ಮೆಟ್ಟಿನ ರೇಡಿಯೋ ತಂತಿ ಸಿಕ್ಕಿಸಿ, ಕುಡಿಯುವ ನೀರಿನ ಕೊಳವೆ ಜೋಡಿಸುವುದು. ಕರಾವಳಿಯ ಕಡೆಯ ಕೇಳುಗರಿಗೆ ಇದು ಬೇಗ ಅರ್ಥವಾದೀತು: ಇಡೀ ರಾತ್ರಿಯ ಬಯಲಾಟದಲ್ಲಿ ಒಬ್ಬ ಭಾಗವತರು ಎದ್ದು ಇನ್ನೊಬ್ಬರು ಕೂರುತ್ತಾರೆ, ಆಟ ಮಾತ್ರ ನಿಲ್ಲುವುದಿಲ್ಲ. ಇಲ್ಲಿ ಎಲ್ಲರಿಗಿಂತ ವೇಗವಾಗಿ ಹೋಗುವವನಿಗಿಂತ, ಕಾರನ್ನು ಗೀರು ಬೀಳಿಸದೆ ಮುಂದಿನವನ ಕೈಗೆ ಒಪ್ಪಿಸುವವನಿಗೇ ಬೆಲೆ. ಸೀಟು, ಸ್ಟಿಯರಿಂಗು, ಬ್ರೇಕು ಯಾವುದೂ ಪೂರ್ತಿ ನಿಮ್ಮ ಅಳತೆಗಿರುವುದಿಲ್ಲ. ಹೊಂದಿಕೊಂಡು ಓಡಿಸಬೇಕು.

ರಾಸ್ಟ್ ಈ ಕೆಲಸದಲ್ಲಿ ಪಳಗಿದರು. ಬೆಲ್ಜಿಯಂನ ಸ್ಪಾ 24 ಗಂಟೆಗಳ ಓಟವನ್ನು 2012ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಗೆದ್ದರು. ಅದೇ 2014ರಲ್ಲಿ ನ್ಯೂರ್ಬುರ್ಗ್‌ರಿಂಗ್ 24 ಗಂಟೆಗಳ ಓಟವೂ ಅವರ ತಂಡದ್ದೇ. ಕಾಡಿನ ನಡುವೆ ಸುಮಾರು 25 ಕಿಲೋಮೀಟರಿನ ಒಂದು ಸುತ್ತು, ಒಂದು ಮೂಲೆಯಲ್ಲಿ ಬಿಸಿಲಿದ್ದರೆ ಇನ್ನೊಂದು ಮೂಲೆಯಲ್ಲಿ ಮಳೆ. ಒಟ್ಟಿಗೆ ನೂರಕ್ಕೂ ಹೆಚ್ಚು ಕಾರು, ಅದರಲ್ಲಿ ಹವ್ಯಾಸಿಗಳೂ ಉಂಟು. ಆ ವರ್ಷವೇ ದಕ್ಷಿಣ ಆಫ್ರಿಕಾದ ಕೆಲ್ವಿನ್ ವಾನ್ ಡರ್ ಲಿಂಡೆ ಜೊತೆ ಒಂದೇ ಕಾರು ಹಂಚಿಕೊಂಡು ಜರ್ಮನಿಯ ಜಿಟಿ ಮಾಸ್ಟರ್ಸ್ ಪಟ್ಟವನ್ನೂ ಪಡೆದರು. ಕೆಲ್ವಿನ್ ಹೆಸರು ನೆನಪಿಟ್ಟುಕೊಳ್ಳಿ, ಹೈದರಾಬಾದಿನಲ್ಲಿ ಮತ್ತೆ ಸಿಗುತ್ತಾರೆ. 2015ರಲ್ಲಿ ಲೆ ಮಾನ್ಸ್‌ನಲ್ಲಿ ಆಡಿಯ ಮೂರನೇ ಕಾರಿನಲ್ಲಿ ಏಳನೇ ಸ್ಥಾನ, ಮರುವರ್ಷ ಅಲ್ಲೇ ಎರಡನೇ ದರ್ಜೆಯ ಕಾರುಗಳಲ್ಲಿ ದ್ವಿತೀಯ.

ಲೆ ಮಾನ್ಸ್ ಮಾತು ಬಂತಲ್ಲ, ಲೋಟರರ್ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. 1981ರಲ್ಲಿ ಡ್ಯೂಸ್‌ಬರ್ಗ್‌ನಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಬೆಳೆದ ಲೋಟರರ್, ಯುರೋಪಿನಲ್ಲಿ ದಾರಿ ಕಾಣದೆ ಜಪಾನಿಗೆ ಹೋಗಿ ಅಲ್ಲಿ ವರ್ಷಗಟ್ಟಲೆ ಓಡಿಸುತ್ತಿದ್ದವರು. 2009ರಲ್ಲಿ ಕೋಲೆಸ್ ಎಂಬ ಖಾಸಗಿ ತಂಡ ತನ್ನ ಹಳೆಯ ಆಡಿ ಕಾರಿಗೆ ಮೂವರನ್ನು ಹಾಕಿತು: ಲೋಟರರ್, ಡಚ್ ಚಾಲಕ ಚಾರ್ಲ್ಸ್ ಜ್ವೋಲ್ಸ್‌ಮನ್ ಮತ್ತು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ನರೇನ್ ಓಡಿದ್ದರೆ ಲೆ ಮಾನ್ಸ್ ಓಡಿದ ಮೊದಲ ಭಾರತೀಯ ಎನಿಸಿಕೊಳ್ಳುತ್ತಿದ್ದರು. ಓಟ ಶುರುವಾಗುವ ಸ್ವಲ್ಪ ಮೊದಲು ಪಿಟ್ ಗೋಡೆ ಹಾರಿ ಇಳಿಯುವಾಗ ಬಿದ್ದರು, ಭುಜದ ಕೀಲು ತಪ್ಪಿತು. ಅಷ್ಟೇ, ಸೀಟು ಖಾಲಿ. ಉಳಿದಿಬ್ಬರೇ 24 ಗಂಟೆ ಪೂರ್ತಿ ಓಡಿಸಿ ಏಳನೆಯವರಾಗಿ ಬಂದರು. ಮೂವರ ಕೆಲಸವನ್ನು ಇಬ್ಬರು ಮಾಡಿದ್ದನ್ನು ಆಡಿ ಗಮನಿಸಿತು. ಮರುವರ್ಷವೇ ಲೋಟರರ್ ಕಾರ್ಖಾನೆ ತಂಡದಲ್ಲಿದ್ದರು.

2011ರ ಲೆ ಮಾನ್ಸ್‌ನಲ್ಲಿ ಆಡಿಯ ಮೂರು ಕಾರುಗಳಲ್ಲಿ ಎರಡು ಭೀಕರ ಅಪಘಾತದಲ್ಲಿ ಚೂರಾದವು. ಉಳಿದದ್ದು ಒಂದೇ, ಲೋಟರರ್, ಮಾರ್ಸೆಲ್ ಫೆಸ್ಲರ್, ಬೆನ್ವಾ ತ್ರೆಲುಯೆ ಹಂಚಿಕೊಂಡಿದ್ದ ಕಾರು. ಹಿಂದೆ ಪ್ಯೂಜೋ ತಂಡದ ಸೈನ್ಯ. 24 ಗಂಟೆ ಮುಗಿದಾಗ ಅಂತರ 13.854 ಸೆಕೆಂಡ್! ಕಾಫಿಗೆ ಸಕ್ಕರೆ ಕಲಕುವಷ್ಟು ಹೊತ್ತು. 2012 ಮತ್ತು 2014ರಲ್ಲಿ ಇದೇ ಮೂವರು ಮತ್ತೆ ಗೆದ್ದರು. 2014ರಲ್ಲಿ ಬೆಲ್ಜಿಯಂನ ಫಾರ್ಮುಲಾ ಒನ್ ಸ್ಪರ್ಧೆಗೆ ಕ್ಯಾಟರ್‌ಹ್ಯಾಮ್ ತಂಡ ಲೋಟರರ್ ಅವರನ್ನು ಕರೆಯಿತು, ಬೇರೊಬ್ಬರ ಬದಲಿಗೆ. ಅರ್ಹತಾ ಸುತ್ತಿನಲ್ಲಿ ತಂಡದ ಖಾಯಂ ಚಾಲಕನಿಗಿಂತ ವೇಗವಾಗಿ ಓಡಿಸಿದರು. ಓಟದಲ್ಲಿ ಒಂದೇ ಸುತ್ತಿಗೆ ಕಾರು ಕೆಟ್ಟಿತು. ಅವರ ಫಾರ್ಮುಲಾ ಒನ್ ಜೀವನ ಅಷ್ಟರಲ್ಲೇ ಮುಗಿಯಿತು, ಅದರಿಂದ ಅವರೇನೂ ಸಣ್ಣವರಾಗಲಿಲ್ಲ.

ಈಗ ರಾಸ್ಟ್ ಕಡೆಗೆ ಮರಳೋಣ. ಅವರ ಬದುಕು ತಿರುಗಿದ್ದೂ ಖಾಲಿಯಾದ ಸೀಟಿನಿಂದಲೇ. ಜರ್ಮನಿಯಲ್ಲಿ ಡಿಟಿಎಂ ಎಂಬ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಇದೆ. 1984ರಲ್ಲಿ ಶುರುವಾಗಿ, 1996ರಲ್ಲಿ ಖರ್ಚಿನ ಭಾರಕ್ಕೆ ಕುಸಿದು, 2000ದಲ್ಲಿ ಮತ್ತೆ ಎದ್ದಿತು. ಟೂರಿಂಗ್ ಕಾರ್ ಎಂದರೆ ನೋಡಲು ಶೋರೂಮಿನ ಕಾರಿನ ಹಾಗೇ ಇರುವುದು. ಮರ್ಸಿಡಿಸ್ ಇಟ್ಟುಕೊಂಡವರು ಮರ್ಸಿಡಿಸ್‌ಗೆ ಕೂಗುತ್ತಾರೆ, ಬಿಎಂಡಬ್ಲ್ಯು ಕೊಂಡವರು ಬಿಎಂಡಬ್ಲ್ಯುಗೆ. ಬರ್ನ್ಡ್ ಶ್ನೈಡರ್ ಇಲ್ಲಿ ಐದು ಸಲ ಚಾಂಪಿಯನ್, ಕ್ಲಾಸ್ ಲುಡ್ವಿಗ್ ಮೂರು ಸಲ. ಅಲ್ಲಿ ಇವರೆಲ್ಲ ಮನೆಮಾತು. ಇಲ್ಲಿ ಸೀಟು ಸಿಕ್ಕಿತೆಂದರೆ ಕಾರ್ಖಾನೆಯ ಸಂಬಳ, ನೆಮ್ಮದಿಯ ಬದುಕು.

2016ರಲ್ಲಿ ರಾಸ್ಟ್‌ಗೆ ಮೂವತ್ತು ಹತ್ತಿರ ಬಂದಿತ್ತು, ಡಿಟಿಎಂ ಸೀಟು ಇನ್ನೂ ಸಿಕ್ಕಿರಲಿಲ್ಲ. ಆ ಬೇಸಿಗೆ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಆಡಿಯ ಆದ್ರಿಯೆನ್ ತಾಂಬೆ ಗಾಯಗೊಂಡರು. ಭಾನುವಾರದ ಓಟಕ್ಕೆ ರಾಸ್ಟ್ ಬದಲಿ. ಋತುವಿನ ಕೊನೆಯ ಹಾಕನ್‌ಹೈಮ್ ಸ್ಪರ್ಧೆಯ ದಿನವೇ ಆಡಿಯ ಹಿರಿಯ ಚಾಲಕ, ಸ್ವೀಡನ್ನಿನ ಮಟಿಯಾಸ್ ಎಕ್‌ಸ್ಟ್ರಾಮ್‌ಗೆ ಬೇರೆ ಕಡೆ ವಿಶ್ವ ರ‍್ಯಾಲಿಕ್ರಾಸ್ ಪಟ್ಟದ ಪೈಪೋಟಿ ಇತ್ತು. ಅವರು ಅತ್ತ ಹೋದರು, ಅವರ ಕಾರಿಗೆ ರಾಸ್ಟ್ ಬಂದರು. 2017ರಲ್ಲಿ ಕೊನೆಗೂ ಪೂರ್ಣ ಋತುವಿನ ಸೀಟು ದೊರೆಯಿತು. ಆ ವರ್ಷ ಕೊನೆಯ ದಿನ, ಅದೇ ಹಾಕನ್‌ಹೈಮ್‌ನಲ್ಲಿ, ಪಟ್ಟ ಗೆದ್ದರು. ಎರಡನೆಯವರಾಗಿ ಮೂರೇ ಅಂಕಗಳಿಂದ ಸೋತದ್ದು ಯಾರು? ಹಿಂದಿನ ವರ್ಷ ಕಾರು ಬಿಟ್ಟುಕೊಟ್ಟಿದ್ದ ಎಕ್‌ಸ್ಟ್ರಾಮ್! ಹೀಗೆ ಬರೆದರೆ ಸಿನಿಮಾ ಕಥೆ ಎನ್ನುತ್ತಾರೆ, ಆದರೆ ನಡೆದದ್ದು ಹೀಗೇ.

ನನಗೆ ಅದಕ್ಕಿಂತ ಇಷ್ಟವಾಗುವುದು ಅವರು ಸೋತ 2018. ಋತುವಿನ ಆರಂಭ ತೀರಾ ಕೆಟ್ಟದ್ದು, ಆ ವರ್ಷ ಮರ್ಸಿಡಿಸ್ ಕಾರುಗಳದೇ ಮೇಲುಗೈ. ಕೊನೆಯ ಮೂರು ವಾರಾಂತ್ಯಗಳ ಆರೂ ಓಟಗಳನ್ನು ರಾಸ್ಟ್ ಒಬ್ಬರೇ ಗೆದ್ದರು. ಡಿಟಿಎಂನಲ್ಲಿ ಹಾಗೆ ಸತತ ಆರು ಅದುವರೆಗೆ ಯಾರೂ ಗೆದ್ದಿರಲಿಲ್ಲ. ಆದರೂ ಬ್ರಿಟನ್ನಿನ ಗ್ಯಾರಿ ಪ್ಯಾಫೆಟ್ 255, ರಾಸ್ಟ್ 251. ನಾಲ್ಕು ಅಂಕ ಕಡಿಮೆ. ಮುಂದಿನ ಎರಡು ವರ್ಷ, 2019 ಮತ್ತು 2020ರಲ್ಲಿ, ಪಟ್ಟ ಅವರದೇ. ಲುಡ್ವಿಗ್ ಅವರ ಮೂರರ ಲೆಕ್ಕ ಸರಿಸಮವಾಯಿತು.

ಇಷ್ಟಾಗಿಯೂ ನೆಮ್ಮದಿ ಇರಲಿಲ್ಲ. 2020ರ ನಂತರ ಡಿಟಿಎಂ ಬಿಡುವುದಾಗಿ ಆಡಿ ಅದೇ ವರ್ಷದ ಏಪ್ರಿಲ್‌ನಲ್ಲಿ ಹೇಳಿತು. ಮೂರು ಸಲದ ಚಾಂಪಿಯನ್‌ಗೆ ಓಡಿಸಲು ಕಾರಿಲ್ಲ! ಆಗ ಮತ್ತೊಂದು ಸೀಟು ಖಾಲಿಯಾಯಿತು, ಅದೂ ವಿಚಿತ್ರ ರೀತಿಯಲ್ಲಿ. ಲಾಕ್‌ಡೌನ್ ಸಮಯ, ಚಾಲಕರೆಲ್ಲ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಆನ್‌ಲೈನ್ ರೇಸ್ ಆಡುತ್ತಿದ್ದರು. ಆಡಿಯ ಫಾರ್ಮುಲಾ ಇ ಚಾಲಕ ಡೇನಿಯಲ್ ಆಬ್ಟ್ ತಮ್ಮ ಬದಲು ಒಬ್ಬ ವೃತ್ತಿಪರ ಗೇಮರ್‌ನನ್ನು ಕೂರಿಸಿದ್ದು ಬಯಲಾಯಿತು. ಆಡಿ ಅವರನ್ನು ಕೈಬಿಟ್ಟಿತು. ಆಗಸ್ಟ್‌ನಲ್ಲಿ ಬರ್ಲಿನ್‌ನ ಹಳೆಯ ವಿಮಾನ ನಿಲ್ದಾಣದಲ್ಲಿ ನಡೆದ ಆರು ಓಟಗಳಿಗೆ ರಾಸ್ಟ್ ಬಂದರು, ಐದನೆಯದರಲ್ಲಿ ಮೂರನೆಯವರಾಗಿ ವೇದಿಕೆ ಏರಿದರು. 2021ರಲ್ಲಿ ಪೂರ್ಣ ಋತು ಓಡಿಸಿದರು, ಅದು ಮುಗಿಯುತ್ತಲೇ ಆಡಿ ಫಾರ್ಮುಲಾ ಇಯನ್ನೂ ಬಿಟ್ಟಿತು. 2022ರಲ್ಲಿ ಡಿಟಿಎಂಗೆ ಮರಳಿ ಮೂರನೇ ಸ್ಥಾನ. 2023ಕ್ಕೆ ಎರಡು ಉದ್ಯೋಗ: ಡಿಟಿಎಂನಲ್ಲಿ ಬಿಎಂಡಬ್ಲ್ಯು, ಫಾರ್ಮುಲಾ ಇನಲ್ಲಿ ಮೆಕ್‌ಲಾರೆನ್. ಆ ಎರಡನೇ ಉದ್ಯೋಗವೇ ಅವರನ್ನು ನಮ್ಮ ಊರಿಗೆ ತಂದದ್ದು.

ಹೈದರಾಬಾದಿಗೆ ಬರುವ ಎರಡು ವಾರ ಮುಂಚೆ, ಸೌದಿಯ ದಿರಿಯಾದಲ್ಲಿ ರಾಸ್ಟ್ ಮೂರನೆಯವರಾಗಿ ಮೆಕ್‌ಲಾರೆನ್‌ಗೆ ಫಾರ್ಮುಲಾ ಇನ ಮೊದಲ ವೇದಿಕೆ ಸ್ಥಾನ ತಂದಿದ್ದರು. ಅಲ್ಲಿ ಎರಡೂ ಓಟ ಗೆದ್ದಿದ್ದ ವೆರ್ಲೈನ್ ಕೂಡ ಹಳೆಯ ಡಿಟಿಎಂ ಚಾಂಪಿಯನ್ನೇ, 2015ರವರು. ಹೈದರಾಬಾದಿನ ಮೊದಲ ಅಭ್ಯಾಸದಲ್ಲಿ ಅವರ ಕಾರು ಗೋಡೆಗೆ ಜೋರಾಗಿ ಬಡಿಯಿತು, ಮರುದಿನ ಎದ್ದು ನಾಲ್ಕನೆಯವರಾದರು. ಇನ್ನು ಆಬ್ಟ್ ಕುಪ್ರಾ ತಂಡದ ರಾಬಿನ್ ಫ್ರೈನ್ಸ್ ಜನವರಿಯಲ್ಲಿ ಮೆಕ್ಸಿಕೋದಲ್ಲಿ ಕೈ ಮುರಿದುಕೊಂಡಿದ್ದರಿಂದ, ಅವರ ಬದಲಿಗೆ ಹೈದರಾಬಾದಿಗೆ ಬಂದವರು ಕೆಲ್ವಿನ್ ವಾನ್ ಡರ್ ಲಿಂಡೆ. ಒಂಬತ್ತು ವರ್ಷ ಹಿಂದೆ ಒಂದೇ ಕಾರು ಹಂಚಿಕೊಂಡಿದ್ದ ಜೋಡಿ ಹುಸೇನ್ ಸಾಗರದ ದಡದಲ್ಲಿ ಎದುರಾಳಿಗಳು.

ಅಂದಿನ ಓಟದಲ್ಲಿ ಮೊದಲ ಸ್ಥಾನದಿಂದ ಹೊರಟ ಜಾಗ್ವಾರ್‌ನ ಮಿಚ್ ಇವಾನ್ಸ್‌ಗೆ ಅವರದೇ ತಂಡದ ಸ್ಯಾಮ್ ಬರ್ಡ್ ಹೇರ್‌ಪಿನ್ ತಿರುವಿನಲ್ಲಿ ಗುದ್ದಿದರು. ಜಾಗ್ವಾರ್ ಟಾಟಾ ಅವರದು, ಹಾಗಾಗಿ ಮನೆಯಂಗಳದಲ್ಲೇ ಮನೆಯವರ ಜಗಳ. ಗೆದ್ದವರು ಫ್ರಾನ್ಸಿನ ಜಾನ್-ಎರಿಕ್ ವೆರ್ನ್. ಈ ಕಾರುಗಳಲ್ಲಿ ಓಟಕ್ಕೆ ಬೇಕಾದ ವಿದ್ಯುತ್ತಿನಲ್ಲಿ ದೊಡ್ಡ ಪಾಲನ್ನು ಬ್ರೇಕ್ ಹಿಡಿದಾಗಲೇ ಮರಳಿ ಗಳಿಸಬೇಕು. ಕೊನೆಯ ಸುತ್ತುಗಳಲ್ಲಿ ವೆರ್ನ್ ಬಳಿ ಬ್ಯಾಟರಿ ಕಡಿಮೆ, ಬೆನ್ನಿಗಂಟಿದ್ದ ನಿಕ್ ಕ್ಯಾಸಿಡಿ ಬಳಿ ಹೆಚ್ಚು. ಆದರೂ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಉಳಿಸಿಕೊಂಡರು. ತಿಂಗಳ ಕೊನೆಯ ವಾರ ಸಂಬಳ ಎಳೆದಾಡಿ ಸಂಸಾರ ನಡೆಸುವ ಗೃಹಿಣಿಯರಿಗೆ ಈ ಆಟ ಬೇಗ ಅರ್ಥವಾಗುತ್ತದೆ! ರಾಸ್ಟ್ ಮತ್ತು ಲೋಟರರ್‌ಗೆ ಆ ದಿನ ವೇದಿಕೆ ಸಿಗಲಿಲ್ಲ.

ಈ ಲೋಕಕ್ಕೂ ಕನ್ನಡನಾಡಿಗೂ ಇರುವ ನಂಟು ನೋಡಿ. ಫಾರ್ಮುಲಾ ಇ ಶುರುವಾದ 2014ರಿಂದಲೂ ಇರುವ ಭಾರತೀಯ ತಂಡ ಮಹೀಂದ್ರಾ. ಆ ಮಹೀಂದ್ರಾ ವಿದ್ಯುತ್ ಕಾರಿಗೆ ಕೈ ಹಾಕಿದ್ದು 2010ರಲ್ಲಿ ಬೆಂಗಳೂರಿನ ರೇವಾ ಕಂಪನಿಯನ್ನು ಕೊಂಡು. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಆ ಪುಟ್ಟ ರೇವಾ ಕಾರು ನಿಮಗೆ ನೆನಪಿರಬಹುದು. ಅದನ್ನು ರೂಪಿಸಿದ ಚೇತನ್ ಮೈನಿಯವರ ಅಣ್ಣತಮ್ಮಂದಿರ ಮನೆಯ ಹುಡುಗನೇ ಅರ್ಜುನ್ ಮೈನಿ.

ಅರ್ಜುನ್ ಹುಟ್ಟಿದ್ದು 1997ರಲ್ಲಿ ಬೆಂಗಳೂರಿನಲ್ಲಿ. 2011ರಲ್ಲಿ ಫೋರ್ಸ್ ಇಂಡಿಯಾ ದೇಶಾದ್ಯಂತ ನಡೆಸಿದ ಪ್ರತಿಭಾಶೋಧದಲ್ಲಿ ಆಯ್ಕೆಯಾದವರು. 2014ರಲ್ಲಿ ಬ್ರಿಟನ್ನಿನ ಫಾರ್ಮುಲಾ 4ರಲ್ಲಿ ಎರಡನೆಯವರು. ಮೊದಲನೆಯವರು ಜಾರ್ಜ್ ರಸೆಲ್, ಮುಂದೆ ಮರ್ಸಿಡಿಸ್ ಪರ ಫಾರ್ಮುಲಾ ಒನ್ ಗೆದ್ದವರು. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ಓಟ ಗೆದ್ದರು, 2018ರಲ್ಲಿ ಫಾರ್ಮುಲಾ 2 ಓಡಿಸಿದರು. ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಪ್ರತಿಭೆಯೊಂದೇ ಸಾಲದು, ಕೋಟಿಗಟ್ಟಲೆ ಹಣವೂ ಬೇಕು. ನಮ್ಮ ಎಷ್ಟೋ ಹುಡುಗರ ಕಥೆ ಇಲ್ಲಿಗೇ ನಿಂತುಬಿಡುತ್ತದೆ. ಉದ್ಯಮಿಗಳ ಮನೆಯಿಂದ ಬಂದವರಿಗೇ ಇದು ಕಷ್ಟವಾದರೆ ಉಳಿದವರ ಪಾಡು ಕೇಳಬೇಕೆ?

ಅರ್ಜುನ್ ಬದಿಯ ಬಾಗಿಲು ಹುಡುಕಿದರು. 2019ರಲ್ಲಿ ಲೆ ಮಾನ್ಸ್ 24 ಗಂಟೆ ಓಡಿಸಿದರು. ಅವರೊಂದಿಗೆ ಕಾರು ಹಂಚಿಕೊಂಡವರಲ್ಲಿ ಒಬ್ಬರು ಫ್ರಾನ್ಸಿನ ನಾರ್ಮನ್ ನಾಟೊ, 2023ರಲ್ಲಿ ಹೈದರಾಬಾದಿನಲ್ಲಿ ನಿಸಾನ್ ಓಡಿಸಿದವರು. 2021ರಲ್ಲಿ ಅರ್ಜುನ್ ಮರ್ಸಿಡಿಸ್ ಕಾರಿನಲ್ಲಿ ಡಿಟಿಎಂಗೆ ಇಳಿದರು. ಆ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ಅವರೇ. ಮರುವರ್ಷ ರಾಸ್ಟ್ ಡಿಟಿಎಂಗೆ ಮರಳಿದಾಗ ಒಂದೇ ಸಾಲಿನಲ್ಲಿ ಮಿಂಡೆನ್‌ನವರೂ ನಿಂತಿದ್ದರು, ಬೆಂಗಳೂರಿನವರೂ ನಿಂತಿದ್ದರು. ನಮ್ಮ ಟಿವಿಯವರು ಇದನ್ನು ಒಂದು ಸುದ್ದಿ ಎಂದುಕೊಂಡದ್ದು ಕಡಿಮೆ.

ಹೈದರಾಬಾದಿಗೆ 2024ರ ಫೆಬ್ರವರಿ 10ರ ದಿನಾಂಕವೂ ನಿಗದಿಯಾಗಿತ್ತು. ಅಷ್ಟರಲ್ಲಿ ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು. ಒಪ್ಪಂದ ಮುರಿದಿದೆ ಎಂದು ದೂರಿ ಫಾರ್ಮುಲಾ ಇ ಸಂಸ್ಥೆ ಜನವರಿ 5ರಂದು ಓಟ ರದ್ದು ಮಾಡಿತು. ಇತ್ತ ಸರ್ಕಾರದ ಕಡೆಯಿಂದ ಹಣ ಕೊಟ್ಟ ರೀತಿಯ ಬಗ್ಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಎಸಿಬಿ ಪ್ರಕರಣ ದಾಖಲಿಸಿತು. ಅದರ ತಪ್ಪುಒಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಎನ್‌ಟಿಆರ್ ಮಾರ್ಗ್‌ಗೆ ಗಣಪತಿಗಳು ಮರಳಿದವು, ಟ್ರಾಫಿಕ್ಕಂತೂ ಎಲ್ಲೂ ಹೋಗಿರಲಿಲ್ಲ.

ರಾಸ್ಟ್ ಮತ್ತು ಲೋಟರರ್ ಇಬ್ಬರೂ 2023ರ ಋತು ಮುಗಿಸಿ ಫಾರ್ಮುಲಾ ಇ ಬಿಟ್ಟು ದೀರ್ಘ ಓಟಗಳ ಕಡೆಗೆ ನಡೆದರು. 2024ರಲ್ಲಿ ಲೋಟರರ್, ಪೋರ್ಷೆ ಕಾರಿನಲ್ಲಿ ಇನ್ನಿಬ್ಬರ ಜೊತೆ ಸೇರಿ, ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್ ಆದರು. ಅದೇ ಸ್ಪರ್ಧೆಯಲ್ಲಿ ರಾಸ್ಟ್‌ಗೆ ಬಿಎಂಡಬ್ಲ್ಯುನ 20ನೇ ನಂಬರಿನ ಕಾರು. ಅದನ್ನು ಅವರೊಂದಿಗೆ ಹಂಚಿಕೊಂಡವರು ಇಬ್ಬರು. ಒಬ್ಬರು ಕೆಲ್ವಿನ್ ತಮ್ಮ ಶೆಲ್ಡನ್ ವಾನ್ ಡರ್ ಲಿಂಡೆ, 2022ರಲ್ಲಿ ರಾಸ್ಟ್ ಅವರನ್ನು ಹಿಂದಿಕ್ಕಿ ಡಿಟಿಎಂ ಗೆದ್ದವರು. ಇನ್ನೊಬ್ಬರು ರಾಬಿನ್ ಫ್ರೈನ್ಸ್, ಕೈ ಮುರಿದುಕೊಂಡು ಹೈದರಾಬಾದಿಗೆ ಬರಲಾಗದೆ ಹೋದ ಅದೇ ಫ್ರೈನ್ಸ್.